ಮುಚ್ಚಳದ ಮೇಲಿನ ಹೆಸರು

ಲ್ಯಾಬಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಮೊದಲ ದಿನ ನಾನು ಹೇಳುವುದು ಒಂದೇ ಮಾತು: ಹೆಸರಿನ ಚೀಟಿ ಬಾಟಲಿಯ ಮೈಮೇಲಿರಬೇಕು, ಮುಚ್ಚಳದ ಮೇಲಲ್ಲ. ಮುಚ್ಚಳ ಅದಲುಬದಲಾಗುತ್ತದೆ, ಬಾಟಲಿಯ ಮೈ ಬದಲಾಗುವುದಿಲ್ಲ. ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯ ಕ್ವಾಲಿಟಿ ಕಂಟ್ರೋಲ್ ವಿಭಾಗದಲ್ಲಿ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮ ತಕ್ಕಡಿ ದಶಾಂಶದ ನಂತರ ನಾಲ್ಕು ಅಂಕಿ ತೋರಿಸುತ್ತದೆ. ಉಸಿರು ಬಿಟ್ಟರೂ ಅಂಕಿ ಅಲುಗಾಡುತ್ತದೆ. ಹೆಸರಿಲ್ಲದ ಬೀಕರ್ ಕಣ್ಣಿಗೆ ಬಿದ್ದರೆ ಅದರಲ್ಲಿರುವುದು ಬರೀ ನೀರಾದರೂ ಚೆಲ್ಲಿಸುತ್ತೇನೆ. ಹುಡುಗರು ಬೆನ್ನ ಹಿಂದೆ ನಗುತ್ತಾರೆ ಎಂಬುದೂ ಗೊತ್ತು.

ಮನೆಗೆ ಬಂದರೆ ಕಥೆ ಬೇರೆ. ಒಂದೇ ಅಳತೆಯ ಆರು ಗಾಜಿನ ಬಾಟಲಿ, ಅವನ್ನು ಇಟ್ಟಿರುವುದು ಒಲೆಯ ಕೆಳಗಿನ ಡ್ರಾಯರಿನಲ್ಲಿ. ಡ್ರಾಯರ್ ಎಳೆದರೆ ಕಾಣುವುದು ಮುಚ್ಚಳ ಮಾತ್ರ. ಹಾಗಾಗಿ ಹೆಸರು ಬರೆದು ಅಂಟಿಸಿದ್ದು ಮುಚ್ಚಳದ ಮೇಲೆಯೇ.

ಹುಮನಾಬಾದ್, ಬೀದರ್ ಕಡೆಯಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಬರುವವರಿಗೆ ಪಟಾನ್‌ಚೆರು ಅಂದರೆ ನಿದ್ದೆಯಿಂದ ಎದ್ದು ಚೀಲ ಹುಡುಕಿಕೊಳ್ಳುವ ಜಾಗ. ಜಹೀರಾಬಾದ್, ಸಂಗಾರೆಡ್ಡಿ ದಾಟಿ, ಲಾರಿಗಳ ಸಾಲು ದಟ್ಟವಾಗಿ, ಗಾಳಿಯಲ್ಲಿ ರಸಾಯನಿಕದ ವಾಸನೆ ಬಂತು ಅಂದರೆ ನಮ್ಮೂರು ಬಂತು ಅಂತ ಲೆಕ್ಕ. ಇಲ್ಲಿಯೇ ಇಕ್ರಿಸ್ಯಾಟ್ ಇದೆ. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಬೆಳೆಗಳ ಮೇಲೆ ಸಂಶೋಧನೆ ಮಾಡಲು 1972ರಲ್ಲಿ ಶುರುವಾದ ಸಂಸ್ಥೆ. ಜೋಳ ಬೆಳೆದೇ ಬದುಕಿದ ನನ್ನ ಅಪ್ಪನಿಗೆ ಅದು ‘ಜೋಳದ ಸಾಲಿ’. ಪ್ರತಿ ಸಲ ಬಂದಾಗಲೂ ‘ಜೋಳದ ಸಾಲಿ ದಾಟಿದ್ವಿ, ಇಳಿಲಾಕ ತಯಾರಾಗು’ ಎಂದು ಅವ್ವನನ್ನು ಎಬ್ಬಿಸುತ್ತಾರಂತೆ.

ಅಪ್ಪನಿಗೆ ಹುಟ್ಟಿದ ದಿನ ಎಂಬುದು ಇಲ್ಲ. ಅಂದರೆ, ಕಾಗದದಲ್ಲಿ ಜೂನ್ 1 ಇದೆ. ನಮ್ಮ ಕಡೆ ಆ ತಲೆಮಾರಿನ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ. ಶಾಲೆಗೆ ಸೇರಿಸಿಕೊಂಡ ಮಾಸ್ತರರ ಕೃಪೆ. ಖರೆ ದಿನ ಯಾವುದು ಅಂತ ಕೇಳಿದರೆ ಅಪ್ಪನ ತಾಯಿ ಹೇಳುತ್ತಿದ್ದದ್ದು, ‘ಪೊಲೀಸ್ ಆ್ಯಕ್ಷನ್ ಆದ ವಾರದಾಗ’ ಅಂತ. ಆಗ ನಮ್ಮೂರು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ರಜಾಕಾರರ ಹಾವಳಿಗೆ ಹೆದರಿ ಗಡಿ ಭಾಗದ ಬಹಳ ಮಂದಿ ಸೊಲ್ಲಾಪುರದ ಕಡೆಗೆ ಹೋಗಿ ತಲೆ ಮರೆಸಿಕೊಂಡಿದ್ದರು. ತುಂಬು ಬಸುರಿಯಾಗಿದ್ದ ಅಜ್ಜಿಯೂ ಎತ್ತಿನ ಗಾಡಿಯಲ್ಲಿ ಹೋದವಳು. ಯಾರದೋ ದನದ ಕೊಟ್ಟಿಗೆಯಲ್ಲಿ ಅಪ್ಪ ಹುಟ್ಟಿದ್ದು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ನಿಜಾಮರು ಕದನ ನಿಲ್ಲಿಸಿದರು. ಸೈನ್ಯದ ಮುಖ್ಯ ದಂಡು ಬಂದದ್ದು ಸೊಲ್ಲಾಪುರದಿಂದ ಹುಮನಾಬಾದ್, ಜಹೀರಾಬಾದ್ ಮೇಲೆ ಹಾಯುವ ಇದೇ ರಸ್ತೆಯಲ್ಲಿ. ನಮ್ಮ ಕಂಪನಿ ಬಸ್ಸು ಈಗ ದಿನಾ ಸಿಕ್ಕಿಹಾಕಿಕೊಳ್ಳುವುದೂ ಅದೇ ರಸ್ತೆಯಲ್ಲಿ.

2023ರ ಸೆಪ್ಟೆಂಬರಿನಲ್ಲಿ ನನ್ನ ಹನ್ನೊಂದು ವರ್ಷದ ಮಗಳು ಲೆಕ್ಕ ಹಾಕಿದಳು. ‘ಮುತ್ಯಾಗ ಎಪ್ಪತ್ತೈದು! ಸೆಪ್ಟೆಂಬರ್ 17 ಸಂಡೇ ಅದ. ಅವತ್ತೇ ಬರ್ತ್‌ಡೇ ಅಂತ ಡಿಸೈಡ್ ಮಾಡೋಣ.’ ಎಪ್ಪತ್ತೈದು ವರ್ಷ ಯಾರಿಗೂ ಹೊಳೆಯದ ಪರಿಹಾರ ಇದು. ಅಪ್ಪ ಅವ್ವ ಹೇಗೂ ಬರುವವರಿದ್ದರು. ಗಣಪತಿ ಹಬ್ಬ ಬಾಗಿಲಿಗೆ ಬಂದಿತ್ತು, ಅದೇ ವಾರ ಅಪ್ಪನಿಗೆ ಹೃದಯದ ಡಾಕ್ಟರ್ ಬಳಿ ತಪಾಸಣೆಯೂ ಇತ್ತು.

ಆ ತಪಾಸಣೆಯ ವಿಷಯ ಸ್ವಲ್ಪ ಹೇಳಬೇಕು. ಎರಡು ವರ್ಷದ ಹಿಂದೆ ಅಪ್ಪನಿಗೆ ಏದುಸಿರು ಬಂದು ಇಲ್ಲಿಗೆ ಕರೆತಂದಿದ್ದೆವು. ಹೃದಯಕ್ಕೆ ರಕ್ತ ಒತ್ತುವ ಶಕ್ತಿ ಕಡಿಮೆಯಾಗಿದೆ ಎಂದರು. ಗುಳಿಗೆಗಳ ಜೊತೆಗೆ ಕಟ್ಟುನಿಟ್ಟಾಗಿ ಹೇಳಿದ್ದು ಉಪ್ಪಿನ ಬಗ್ಗೆ. ಮೊದಲ ವರ್ಷ ಎಲ್ಲ ಸರಿ ಇತ್ತು. ಆಮೇಲೆ ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳುವುದು ಶುರುವಾಯಿತು, ಬಿಪಿ ಇಳಿಯಲೊಲ್ಲದು. ಮೈಯ ನೀರು ಇಳಿಸುವ ಗುಳಿಗೆಯನ್ನು ಡಾಕ್ಟರ್ ಎರಡು ಸಲ ಹೆಚ್ಚಿಸಿದರು. ಎರಡು ಸಲವೂ ಕೇಳಿದ್ದು, ‘ಊಟದಲ್ಲಿ ಉಪ್ಪು ಹೆಚ್ಚಾಗುತ್ತಿದೆಯಾ?’

ನಾನು ಆ ಪ್ರಶ್ನೆಯನ್ನು ಹಾಗೇ ಎತ್ತಿಕೊಂಡು ಹೋಗಿ ಅವ್ವನ ಮೇಲೆ ಹಾಕಿದೆ. ವಾರಕ್ಕೆ ನಾಲ್ಕು ದಿನ ಫೋನಿನಲ್ಲಿ ಅದೇ. ‘ಉಪ್ಪಿನಕಾಯಿ ಕೊಟ್ಟಿಯೇನು? ಹಪ್ಪಳ ಸುಟ್ಟಿಯೇನು? ಸಾರಿಗೆ ಎಷ್ಟು ಹಾಕಿದಿ?’ ಅವ್ವ, ‘ಇಲ್ಲವ್ವ, ಹಾಕಂಗಿಲ್ಲ’ ಅನ್ನುತ್ತಿದ್ದಳು. ನಾನು ನಂಬಲಿಲ್ಲ. ಒಂದು ದಿನ, ‘ನೀ ಹಿಂಗೇ ಮಾಡಿದ್ರ ಅಪ್ಪ ಉಳಿಯಂಗಿಲ್ಲ ನೋಡು’ ಅಂತಲೂ ಅಂದುಬಿಟ್ಟೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಅವ್ವ ಫೋನ್ ಅಪ್ಪನ ಕೈಗೆ ಕೊಟ್ಟಳು.

ಹದಿನೈದನೇ ತಾರೀಖು ಶುಕ್ರವಾರ ಇಬ್ಬರೂ ಬಂದರು. ಅವ್ವನ ಚೀಲದಲ್ಲಿ ಐದು ಕಿಲೋ ಜೋಳದ ಹಿಟ್ಟು, ಬೆಲ್ಲ, ಒಣಗಿಸಿದ ಪುಂಡಿ ಸೊಪ್ಪು. ಅಪ್ಪನ ಚೀಲದಲ್ಲಿ ಗುಳಿಗೆ ಡಬ್ಬಿ, ರೇಡಿಯೊ. ಅಪ್ಪ ಇನ್ನೊಂದು ವಸ್ತುವನ್ನು ಊರಲ್ಲೇ ಮರೆತು ಬಂದಿದ್ದರು ಎಂಬುದು ನಮಗೆ ಭಾನುವಾರ ಸಂಜೆ ಗೊತ್ತಾಯಿತು.

ಕೇಕು ಬೇಕರಿಯಿಂದ ತರಬಹುದಿತ್ತು. ಆದರೆ ಅಪ್ಪ ಮೊಟ್ಟೆ ತಿನ್ನುವವರಲ್ಲ, ಮೈದಾ ಅಂದರೆ ಮೂಗು ಮುರಿಯುತ್ತಾರೆ, ಕ್ರೀಮು ಕಂಡರೆ ‘ಇದೇನು ಗಡ್ಡ ಕೆರೆಯೋ ನೊರಿ’ ಅನ್ನುತ್ತಾರೆ. ಅದಕ್ಕೆ ಮಗಳು ಮೊದಲೇ ಪಟ್ಟಿ ಮಾಡಿದ್ದಳು: ಅರ್ಧ ಆಯಿ ತಂದ ಜೋಳದ ಹಿಟ್ಟು, ಅರ್ಧ ಗೋಧಿ ಹಿಟ್ಟು, ಬೆಲ್ಲ, ಮೊಸರು, ಎಣ್ಣೆ, ಏಲಕ್ಕಿ. ಉಪ್ಪು ಚಿಟಿಕೆಯೂ ಇಲ್ಲ.

ಮೊಟ್ಟೆ ಇಲ್ಲದ ಕೇಕು ಉಬ್ಬಬೇಕಾದರೆ ಅದಕ್ಕೆ ಗಾಳಿ ತುಂಬುವವರು ಬೇರೆ ಯಾರಾದರೂ ಬೇಕು. ಬೇಕಿಂಗ್ ಪೌಡರ್ ಹುಟ್ಟಿದ್ದೇ ಇಂಥದ್ದೊಂದು ಮನೆಯ ಕಷ್ಟದಿಂದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ಅಂಗಡಿಯವನಿದ್ದ. ಹೆಂಡತಿಗೆ ಮೊಟ್ಟೆಯೂ ಆಗುತ್ತಿರಲಿಲ್ಲ, ಯೀಸ್ಟೂ ಆಗುತ್ತಿರಲಿಲ್ಲ. ಅವಳಿಗಾಗಿ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿದ, 1843ರಲ್ಲಿ ಯೀಸ್ಟಿಲ್ಲದೆ ಬ್ರೆಡ್ ಉಬ್ಬಿಸಲು ಬೇಕಿಂಗ್ ಪೌಡರ್ ಮಾಡಿದ. ಅಡುಗೆ ಸೋಡಾ, ಅದರ ಜೊತೆಗೆ ಒಣಗಿದ ಹುಳಿ ಪದಾರ್ಥ, ಎರಡೂ ಡಬ್ಬಿಯಲ್ಲೇ ಜಗಳ ಆಡದಂತೆ ನಡುವೆ ಸ್ವಲ್ಪ ಪಿಷ್ಟ, ಇಷ್ಟೇ ಬೇಕಿಂಗ್ ಪೌಡರ್. ನೀರು, ಬಿಸಿ ತಾಗಿದಾಗ ಒಳಗಿನ ಸೋಡಾ, ಒಳಗಿನ ಹುಳಿ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಬರೀ ಸೋಡಾ ಹಾಗಲ್ಲ. ಅದಕ್ಕೆ ಹುಳಿಯನ್ನು ನಾವೇ ಕೊಡಬೇಕು. ಮೊಸರು ಹಾಕುವುದು ಅದಕ್ಕೇ, ಅದೂ ಚೂರು ಸೋಡಾಕ್ಕೆ ಮಾತ್ರ ಸಾಕು.

ನಾನು ಅಡುಗೆಮನೆಯ ಪುಟ್ಟ ಡಿಜಿಟಲ್ ತಕ್ಕಡಿ ತೆಗೆದೆ. ಚಮಚದ ಲೆಕ್ಕ ನನಗೆ ಆಗಿಬರುವುದಿಲ್ಲ. ಬೇಕಿಂಗ್ ಪೌಡರ್ 8 ಗ್ರಾಂ, ಸೋಡಾ 2 ಗ್ರಾಂ. ಮಗಳು ಡ್ರಾಯರಿನಿಂದ ಮುಚ್ಚಳ ಓದಿ ಬಾಟಲಿ ಕೊಟ್ಟಳು, ನಾನು ತೂಗಿದೆ. ಅವಳಿಗೆ ಭಾಷಣವನ್ನೂ ಬಿಗಿದೆ: ‘ನೋಡು, ಕೇಕು ಅಂದ್ರ ಕೆಮಿಸ್ಟ್ರಿ. ತೂಕ ಸರಿ ಇದ್ರ ಕೇಕು ಸರಿ.’

ಮೊಸರು ಬಿದ್ದ ಕೂಡಲೇ ಹಿಟ್ಟು ಬುಸ್ಸೆಂದು ನೊರೆಯೆದ್ದಿತು. ಅಷ್ಟು ಏಳಬಾರದಿತ್ತು. ಲ್ಯಾಬಿನಲ್ಲಾಗಿದ್ದರೆ ಅಲ್ಲೇ ಕೈ ನಿಲ್ಲಿಸುತ್ತಿದ್ದೆ. ಮನೆಯಲ್ಲವೇ, ‘ವಾವ್, ಎಷ್ಟು ಸಾಫ್ಟ್ ಆಗ್ತದ ನೋಡು’ ಅಂದೆ. 180 ಡಿಗ್ರಿಗೆ ಕಾದಿದ್ದ ಓಟಿಜಿಯೊಳಗೆ ಪಾತ್ರೆ ಹೋಯಿತು. ಗಾಜಿನ ಮುಂದೆ ಮಗಳು ಕುಕ್ಕರುಗಾಲಲ್ಲಿ ಕೂತಳು. ಹತ್ತು ನಿಮಿಷಕ್ಕೆ ಕೇಕು ಪಾತ್ರೆಯ ಅಂಚಿಗೆ ಬಂತು. ಹದಿನೈದಕ್ಕೆ ಅಂಚು ದಾಟಿ ಕೆಳಗಿನ ಕಾಯಿಲ್ ಮೇಲೆ ತೊಟ್ಟಿಕ್ಕಿ ಹೊಗೆಯೆದ್ದಿತು. ಇಪ್ಪತ್ತೈದಕ್ಕೆ ನಡುಭಾಗ ಕುಸಿಯಿತು. ಮಗಳು ಕೂಗಿದಳು, ‘ಮಮ್ಮಿ, ಕೇಕು ಬಾವಿ ಆಯ್ತು!’

ಹೊರಗೆ ತೆಗೆದಾಗ ಬಣ್ಣ ಬೆಲ್ಲದ್ದಲ್ಲ, ಹಳೇ ಇಟ್ಟಿಗೆಯದು. ಅಂಚು ಕಪ್ಪು, ನಡುವೆ ತಗ್ಗು, ಮುಟ್ಟಿದರೆ ಉದುರು. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಹಿಡಿದಿಡುವ ಜಿಗಿ ಇಲ್ಲ, ಸ್ವಲ್ಪ ಉದುರುವುದು ಸಹಜ ಅಂತ ನನಗೆ ನಾನೇ ಹೇಳಿಕೊಂಡೆ. ಒಂದು ಚೂರು ಬಾಯಿಗೆ ಹಾಕಿದೆ. ಬಟ್ಟೆ ಒಗೆಯುವ ಸಾಬೂನಿಗೆ ಬೆಲ್ಲ ಸವರಿ ಕೊಟ್ಟ ಹಾಗಿತ್ತು.

ಅಷ್ಟರಲ್ಲಿ ಪುಣೆಯಿಂದ ತಮ್ಮನ ವಿಡಿಯೊ ಕಾಲ್ ಬಂದಾಗಿತ್ತು, ಅಪ್ಪ ಹೊಸ ಧೋತರ ಉಟ್ಟು ಕೂತಾಗಿತ್ತು. ಮಗಳ ಮುಖ ನೋಡಿ ನಾನು ಕೇಕನ್ನು ತಟ್ಟೆಗೆ ಬೋರಲು ಹಾಕಿದೆ. ತಗ್ಗು ಕೆಳಗಾಯಿತು. ಮೇಲೆ ಒಂದು ಮೇಣದಬತ್ತಿ ಚುಚ್ಚಿದೆವು, ಅದು ವಾಲಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಮನೆಯವರು ಒಂದು ತುತ್ತು ತಿಂದು ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ, ನೀರು ಕುಡಿದರು. ಅವ್ವ ತುಂಡನ್ನು ಸೆರಗಿನ ಮರೆಯಲ್ಲಿ ಬಟ್ಟಲಿಗೆ ಜಾರಿಸಿದಳು. ಮಗಳು ಉಗುಳಿದಳು, ಅಳಲು ಶುರು ಮಾಡಿದಳು.

ಅಪ್ಪ ಮಾತ್ರ ತಿಂದರು. ಒಂದು ತುಂಡು ಪೂರ್ತಿ. ಆಮೇಲೆ ಕೈ ಚಾಚಿ ಎರಡನೆಯದನ್ನೂ ತೆಗೆದುಕೊಂಡರು. ಮೊಮ್ಮಗಳ ಮನಸ್ಸು ನೋಯಬಾರದು ಎಂದು ತಿನ್ನುತ್ತಿದ್ದಾರೆ ಅಂದುಕೊಂಡು ನನಗೆ ಕಣ್ಣು ತುಂಬಿ ಬಂತು. ‘ಬ್ಯಾಡ ಬಿಡ್ರಿ ಅಪ್ಪ, ಕೆಟ್ಟದ ಅದು’ ಅಂದೆ.

‘ಕೆಟ್ಟಿಲ್ಲ’ ಅಂದರು ಅಪ್ಪ, ‘ಸೋಡಾ ಜರ ಹೆಚ್ಚಾಗ್ಯಾದ. ಹೊಟ್ಟಿಗಿ ಛಲೋನೇ.’

ಆ ಮಾತನ್ನು ನಾನು ಆಗ ಹಿಡಿಯಲಿಲ್ಲ.

ಎಲ್ಲ ಎದ್ದ ಮೇಲೆ ಅಡುಗೆಮನೆಯಲ್ಲಿ ನಿಂತು ಯೋಚಿಸಿದೆ. ತೂಕ ತಪ್ಪಿಲ್ಲ, ನನಗೆ ಗೊತ್ತು. ಹಾಗಾದರೆ ವಸ್ತು ತಪ್ಪಿರಬೇಕು. ಮಗಳನ್ನು ಸಮಾಧಾನ ಮಾಡಲೂ ಒಂದು ದಾರಿ ಬೇಕಿತ್ತು. ‘ಬಾ, ಯಾರು ತಪ್ಪು ಮಾಡ್ಯಾರ ಕಂಡು ಹಿಡಿಯೋಣ’ ಅಂದೆ. ಎರಡು ಬಟ್ಟಲಲ್ಲಿ ನೀರು ಹಾಕಿ ಚಿಟಿಕೆ ಚಿಟಿಕೆ ಅರಿಶಿನ ಕದಡಿದೆವು. ಅಂಗಿಯ ಮೇಲೆ ಸಾರಿನ ಕಲೆ ಬಿದ್ದಾಗ ಸಾಬೂನು ತಾಗಿಸಿದರೆ ಕೆಂಪಗಾಗುತ್ತದಲ್ಲ, ಅದೇ ಪರೀಕ್ಷೆ. ಅರಿಶಿನ ಕ್ಷಾರ ಕಂಡರೆ ಕೆಂಪಾಗುತ್ತದೆ. ‘ಸೋಡಾ’ ಎಂದು ಬರೆದ ಮುಚ್ಚಳದ ಬಾಟಲಿಯ ಪುಡಿ ಹಾಕಿದೆವು. ಸಣ್ಣಗೆ ಗುಳ್ಳೆ ಬಂದವು, ನೀರು ಹಳದಿಯಾಗಿಯೇ ಉಳಿಯಿತು. ‘ಬೇಕಿಂಗ್ ಪೌಡರ್’ ಎಂದು ಬರೆದ ಮುಚ್ಚಳದ್ದನ್ನು ಹಾಕಿದೆವು. ಗುಳ್ಳೆ ಇಲ್ಲ, ಬಟ್ಟಲಿನ ನೀರು ನೋಡನೋಡುತ್ತಾ ಕೆಂಪಾಯಿತು. ಕೇಕಿನ ಚೂರು ಹಾಕಿದರೆ ಅದರ ಸುತ್ತಲೂ ಇನ್ನಷ್ಟು ಗಾಢ ಕೆಂಪು.

ಮುಚ್ಚಳಗಳು ಅದಲುಬದಲಾಗಿದ್ದವು. ನಾನು ತೂಗಿ ಹಾಕಿದ್ದು 8 ಗ್ರಾಂ ಸೋಡಾ. ಒಂದು ಬಟ್ಟಲು ಮೊಸರಿನ ಹುಳಿ ಅದರ ಸ್ವಲ್ಪ ಭಾಗಕ್ಕೆ ಮಾತ್ರ ಸಾಕಾಗಿತ್ತು. ಆ ಗಡಿಬಿಡಿಯ ಗಾಳಿಯೆಲ್ಲ ಹಿಟ್ಟು ಗಟ್ಟಿಯಾಗುವ ಮೊದಲೇ ಎದ್ದು ಒಡೆದು ಹೋಗಿತ್ತು, ಕೇಕು ಕುಸಿದಿತ್ತು. ಉಳಿದ ಸೋಡಾ ಬಿಸಿಗೆ ವಾಷಿಂಗ್ ಸೋಡಾ ಆಗಿ ಬಾಯಿಗೆ ಸಾಬೂನಿನ ರುಚಿ ಕೊಟ್ಟಿತ್ತು. ಕ್ಷಾರ ಹೆಚ್ಚಾದರೆ ಬಣ್ಣವೂ ಬೇಗ ಕಂದುತ್ತದೆ. ಎಲ್ಲವೂ ಪಾಠದ ಪುಸ್ತಕದಲ್ಲಿದ್ದ ಹಾಗೇ.

ಅವ್ವ ಒಳಗೆ ಬಂದವಳು ಕೆಂಪು ನೀರಿನ ಬಟ್ಟಲು ನೋಡಿ, ‘ಆರತಿ ನೀರು ನೀನೇ ಮಾಡಿಟ್ಟಿಯಲ್ಲ, ನಾ ಸುಣ್ಣ ಹುಡುಕಲಾಕತ್ತಿದ್ದೆ’ ಅಂದಳು. ಅರಿಶಿನಕ್ಕೆ ಸುಣ್ಣ ಹಾಕಿ ಆರತಿಯ ನೀರು ಕೆಂಪು ಮಾಡುತ್ತಾರಲ್ಲ, ಅದೂ ಇದೇ ರಸಾಯನಶಾಸ್ತ್ರ. ಕೇಕಿನ ಚೂರು ಬೀಳದ ಬಟ್ಟಲನ್ನು ಆರಿಸಿ ತೆಗೆದುಕೊಂಡು ಹೋಗಿ ಅಪ್ಪನಿಗೆ ಆರತಿ ಎತ್ತಿದಳು.

ಆದರೆ ಮುಚ್ಚಳ ಬದಲಿಸಿದವರು ಯಾರು? ಹೋದ ಭಾನುವಾರ ಢೋಕ್ಲಾ ಮಾಡಿದಾಗ ಸರಿಯಾಗಿಯೇ ಇತ್ತು. ಕೆಲಸದ ಆಯಮ್ಮ ಡ್ರಾಯರ್ ಮುಟ್ಟುವುದಿಲ್ಲ. ನನ್ನ ಕಣ್ಣು ತಾನಾಗಿಯೇ ಅವ್ವನ ಕಡೆ ಹೋಯಿತು. ‘ಅವ್ವ, ನೀ ಏನಾದ್ರೂ ಈ ಬಾಟ್ಲಿ ತೆಗೆದಿದ್ದೇನು?’

ಅವ್ವ ಆರತಿ ತಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿದಳು. ‘ಇದೂ ನಾನೇ ಏನವ್ವ?’ ಅಂದಳು.

‘ನಾ ತೆಗೆದಿದ್ದೆ’ ಅಂದರು ಹಾಲಿನಿಂದ ಅಪ್ಪ.

ಅವರು ಊರಲ್ಲಿ ಮರೆತು ಬಂದದ್ದು ಸೋಡಾದ ಡಬ್ಬಿ. ಬೆಳಿಗ್ಗೆ ಎದ್ದು ಅರ್ಧ ಚಮಚ, ರಾತ್ರಿ ಮಲಗುವಾಗ ಅರ್ಧ ಚಮಚ, ಲಿಂಬೆ ಹಿಂಡಿದ ನೀರಿನಲ್ಲಿ. ಶನಿವಾರ ನಸುಕಿನಲ್ಲಿ ನಾಲ್ಕಕ್ಕೆ ಎದ್ದು, ಯಾರಿಗೂ ನಿದ್ದೆಗೆಡಿಸಬಾರದೆಂದು ದೀಪ ಹಾಕದೆ, ಡ್ರಾಯರ್ ತೆಗೆದು, ಎರಡು ಬಿಳಿ ಪುಡಿಯ ಬಾಟಲಿಗಳನ್ನು ಬಿಚ್ಚಿ, ನಾಲಿಗೆಗೆ ಹಚ್ಚಿ ಯಾವುದು ಸೋಡಾ ಎಂದು ಗುರುತು ಹಿಡಿದಿದ್ದರು. ಹಾಕಿಕೊಂಡ ಮೇಲೆ ಕತ್ತಲಲ್ಲಿ ಕೈಗೆ ಸಿಕ್ಕ ಮುಚ್ಚಳ ಸಿಕ್ಕ ಬಾಟಲಿಗೆ ಕೂತಿತ್ತು. ಭಾನುವಾರ ನಸುಕಿಗೂ ಮುಚ್ಚಳ ನೋಡಿದವರಲ್ಲ, ನಾಲಿಗೆಯನ್ನೇ ನಂಬಿದ್ದರು.

‘ಯಾಕ್ರಿ ಅಪ್ಪ, ಎಷ್ಟು ದಿನದಿಂದ?’

‘ಸಂಕ್ರಾಂತಿ ಆದ ಮ್ಯಾಲಿಂದ. ಆ ಗುಳಿಗಿ ತಗೊಂಡ್ರ ಹೊಟ್ಟ್ಯಾಗ ಗ್ಯಾಸ್ ಆಗ್ತದ. ಕಟ್ಟೀ ಮ್ಯಾಲ ಮಂದಿ ಹೇಳಿದ್ರು, ಸೋಡಾ ಕುಡಿ ಹಗುರ ಆಗ್ತದಂತ. ಆಯ್ತೂ ಖರೇ.’

‘ಉಪ್ಪು ಬ್ಯಾಡ ಅಂತ ಡಾಕ್ಟರ್ ಹೇಳಿದ್ರಲ್ಲ?’

‘ಉಪ್ಪು ಎಲ್ಲಿ ತಿಂದೀನಿ? ಅದು ಸೋಡಾ ಅಲ್ಲೇನು?’

ನಾನು ಮಾತಾಡದೆ ತಕ್ಕಡಿ ತಂದು ಅವರ ಮುಂದಿಟ್ಟೆ. ‘ದಿನಾ ಹಾಕ್ಕೊಳ್ಳುವಷ್ಟು ಹಾಕ್ರಿ.’ ಅಪ್ಪನ ‘ಅರ್ಧ ಚಮಚ’ 2.6 ಗ್ರಾಂ ತೂಗಿತು. ದಿನಕ್ಕೆ ಎರಡು ಸಲ, 5.2 ಗ್ರಾಂ. ಅಡುಗೆ ಸೋಡಾ ಅಂದರೆ ಸೋಡಿಯಂ ಬೈಕಾರ್ಬೊನೇಟ್. ಅದರ ತೂಕದ ಶೇ 27ರಷ್ಟು ಸೋಡಿಯಂ. ಅಂದರೆ ದಿನಕ್ಕೆ ಸುಮಾರು 1,400 ಮಿಲಿಗ್ರಾಂ. ದೊಡ್ಡವರು ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ತಿನ್ನಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಆರೋಗ್ಯವಂತರಿಗೂ ಸೇರಿಸಿ ಹೇಳಿದ ಮಿತಿ. ಅಪ್ಪನ ನಿಂಬೆ ನೀರೇ ಅದರಲ್ಲಿ ಮುಕ್ಕಾಲಿಗೆ ಹತ್ತಿರ ತೆಗೆದುಕೊಳ್ಳುತ್ತಿತ್ತು. ಸೋಡಿಯಂ ಲೆಕ್ಕದಲ್ಲಿ ಮೂರೂವರೆ ಗ್ರಾಂ ಉಪ್ಪು ತಿಂದ ಹಾಗೆ. ಅವ್ವ ಸಾರಿಗೆ ಚಿಟಿಕೆ ಉಪ್ಪು ಹಾಕಲೂ ಹೆದರುತ್ತಿದ್ದ ಎಂಟು ತಿಂಗಳೂ, ದಿನಾ.

ಕೇಕಿನ ಲೆಕ್ಕವನ್ನೂ ಹಾಕಿದೆ. 8 ಗ್ರಾಂ ಸೋಡಾ, ಹತ್ತು ತುಂಡು. ಅಪ್ಪ ತಿಂದ ಎರಡು ತುಂಡಿಗೆ ಹೆಚ್ಚುಕಡಿಮೆ 440 ಮಿಲಿಗ್ರಾಂ. ಬೆಳಗಿನ ಅರ್ಧ ಚಮಚ ಹೇಗೂ ಹೊಟ್ಟೆಯಲ್ಲಿತ್ತು. ಸಂಜೆ ಐದೂವರೆಗೆ ಕಾಲು ನೋಡಿದೆ. ಬೆರಳಿಟ್ಟು ಒತ್ತಿದರೆ ಕುಳಿ ಬೀಳುತ್ತಿತ್ತು, ತುಂಬಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ಅದು ಎಂಟು ತಿಂಗಳಿಂದ ಇದ್ದದ್ದೇ ಅಂತ ಗೊತ್ತಿದ್ದರೂ ಆ ಸಂಜೆ ನನಗೆ ಅದು ನಾನು ಮಾಡಿದ ಕೇಕಿನ ಕುಳಿಯಂತೆ ಕಂಡಿತು. ಆಸ್ಪತ್ರೆಯ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅಲ್ಲಿದ್ದ ಡಾಕ್ಟರ್ ಗಾಬರಿ ಮಾಡಲಿಲ್ಲ: ರಾತ್ರಿ ಉಪ್ಪಿಲ್ಲದ ಊಟ ಕೊಡಿ, ಸೋಡಾ ನಿಲ್ಲಿಸಿ, ಗುಳಿಗೆ ಬಿಡಬೇಡಿ, ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದ ಮೇಲೆ ತೂಕ ನೋಡಿ, ಒಂದೆರಡು ದಿನದಲ್ಲಿ ಒಂದೂವರೆ ಕಿಲೋ ಏರಿದರೆ, ಮಲಗಿದಾಗ ಉಸಿರು ಕಟ್ಟಿದರೆ ತಡ ಮಾಡದೆ ಕರೆತನ್ನಿ.

ಆ ರಾತ್ರಿ ನಾನು ಮಲಗಲಿಲ್ಲ. ಅಪ್ಪ ಎರಡು ದಿಂಬು ಹಾಕಿಕೊಂಡು ಗೊರಕೆ ಹೊಡೆದರು. ಬಾಗಿಲ ಸಂದಿಯಲ್ಲಿ ನಿಂತು ಆ ಗೊರಕೆಯನ್ನು ಎಣಿಸುತ್ತಿದ್ದೆ. ಬೆಳಿಗ್ಗೆ ತೂಕ ಹಿಂದಿನ ದಿನಕ್ಕಿಂತ 300 ಗ್ರಾಂ ಹೆಚ್ಚು, ಅಷ್ಟೇ.

ಗುರುವಾರದ ತಪಾಸಣೆಗೆ ನಾನು ಒಂದು ಪುಟ ಬರೆದುಕೊಂಡು ಹೋದೆ. ನಮ್ಮ ಕಾರ್ಖಾನೆಯಲ್ಲಿ ಏನಾದರೂ ತಪ್ಪಿದಾಗ ಬರೆಯುತ್ತೇವಲ್ಲ, ಆ ತರಹದ್ದು. ಯಾವ ದಿನದಿಂದ, ಎಷ್ಟು ಗ್ರಾಂ, ದಿನಕ್ಕೆ ಎಷ್ಟು ಸಲ. ಡಾಕ್ಟರ್ ಓದಿ ಕನ್ನಡಕ ತೆಗೆದು ಅಪ್ಪನನ್ನು ನೋಡಿದರು. ಗುಳಿಗೆ ಈ ಸಲ ಹೆಚ್ಚಿಸಲಿಲ್ಲ. ಹೊಟ್ಟೆಯ ತೊಂದರೆಗೆ ಬೇರೆ ಗುಳಿಗೆ ಕೊಟ್ಟರು. ಗ್ಯಾಸಿಗೆ ನೀರಲ್ಲಿ ನೊರೆ ಬರಿಸಿ ಕುಡಿಯುವ ಪುಡಿ, ಬುರುಬುರು ಕರಗುವ ಮಾತ್ರೆ, ಇವುಗಳಲ್ಲೂ ಹೆಚ್ಚಾಗಿ ಇದೇ ಸೋಡಾ ಇರುತ್ತದೆ, ಕೇಳದೆ ತೆಗೆದುಕೊಳ್ಳಬೇಡಿ ಅಂದರು. ಕಿಡ್ನಿಯ ಕೆಲವು ರೋಗಿಗಳಿಗೆ ಇದೇ ವಸ್ತುವನ್ನು ಡಾಕ್ಟರುಗಳೇ ಬರೆದುಕೊಡುತ್ತಾರೆ, ಅಂಥವರು ತಾವಾಗಿಯೇ ನಿಲ್ಲಿಸಬಾರದು ಎಂಬುದನ್ನೂ ಹೇಳಿದರು. ಇದನ್ನು ಓದಿ ಯಾರಾದರೂ ಊರಿಗೆ ಫೋನ್ ಹಚ್ಚುವ ಮೊದಲು ಈ ಮಾತು ಗಮನದಲ್ಲಿರಲಿ.

ಬಸ್ಸಿನಲ್ಲಿ ವಾಪಸ್ ಬರುವಾಗ ಅವ್ವನ ಪಕ್ಕ ಕೂತಿದ್ದೆ. ನಮ್ಮ ಲ್ಯಾಬಿನಲ್ಲಿ ತನಿಖೆ ಮಾಡದೆ ‘ಕೆಲಸ ಮಾಡಿದವರ ತಪ್ಪು’ ಎಂದು ಬರೆದು ಫೈಲು ಮುಚ್ಚಿದರೆ ಅದನ್ನು ಹರಿದು ಹಾಕಿ ಮತ್ತೆ ಬರೆಸುವವಳು ನಾನು. ಎಂಟು ತಿಂಗಳು ಮನೆಯಲ್ಲಿ ಮಾಡಿದ್ದು ಅದನ್ನೇ. ಏನು ಹೇಳಬೇಕೋ ತೋಚಲಿಲ್ಲ. ‘ಅವ್ವ, ನಿನಗ ಬಹಳ ಅಂದೆ’ ಅಂದೆ.

ಅವ್ವ ಕಿಟಕಿಯಾಚೆ ನೋಡುತ್ತಿದ್ದಳು. ‘ಅಂದಿದ್ದಕ್ಕ ಏನಿಲ್ಲ ಬಿಡು. ಅವರಿಗೊಂದು ನನಗೊಂದು ಅಡಿಗಿ ಯಾಕಂತ ಎರಡು ವರ್ಷ ನಾನೂ ಸಪ್ಪನ ಸಾರೇ ಉಂಡೀನಿ. ಇವತ್ತು ಒಂದು ಉಪ್ಪಿನಕಾಯಿ ಹೋಳು ಕೊಡಿಸು ಸಾಕು’ ಅಂದಳು. ಅವಳೂ ಅದೇ ಊಟ ಉಣ್ಣುತ್ತಿದ್ದಾಳೆಂದು ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ. ನಾನು ಕೇಳಿರಲೇ ಇಲ್ಲ. ಪಟಾನ್‌ಚೆರುವಿನಲ್ಲಿ ಇಳಿದು ಮೊದಲು ಕಿರಾಣಿ ಅಂಗಡಿಗೆ ಹೋದೆವು. ಆವಕಾಯಿ ಬಾಟಲಿ ಅವಳೇ ಆರಿಸಿದಳು.

ದೀಪಾವಳಿಯ ಹೊತ್ತಿಗೆ ಅಪ್ಪನ ಕಾಲಿನ ಊತ ಬಹುಮಟ್ಟಿಗೆ ಇಳಿದಿತ್ತು. ನೀರಿಳಿಸುವ ಗುಳಿಗೆಯನ್ನು ಡಾಕ್ಟರ್ ಒಂದು ಮೆಟ್ಟಿಲು ಕಡಿಮೆ ಮಾಡಿದರು. ಕಟ್ಟೆಯ ಮೇಲಿನ ಮಂದಿಗೆ ಅಪ್ಪ ಈಗ ಸೋಡಾದ ವಿರುದ್ಧ ಉಪನ್ಯಾಸ ಕೊಡುತ್ತಾರಂತೆ. ಅವರಲ್ಲಿ ಇಬ್ಬರು, ‘ಮಗಳ ಮನ್ಯಾಗ ಸೋಡಾದ ಕೇಕು ಉಂಡು ಬಂದಾನ’ ಎಂದು ನಗುತ್ತಾರಂತೆ. ಫೋನಿನಲ್ಲಿ ನಾನು ಈಗ ‘ಗುಳಿಗೆ ತಗೊಂಡ್ರಾ’ ಎಂಬಲ್ಲಿಗೆ ನಿಲ್ಲಿಸುವುದಿಲ್ಲ. ಬೆಳಿಗ್ಗೆ ಎದ್ದು ಏನು ಕುಡಿದ್ರಿ, ಯಾರು ಏನು ಕೊಟ್ರು, ಯಾವ ಚೂರ್ಣ, ಯಾವ ಕಷಾಯ ಎಂದು ಒಂದೊಂದೇ ಕೇಳುತ್ತೇನೆ. ಅಪ್ಪನಿಗೆ ಬೇಸರ. ‘ಇದೇನು ಪೊಲೀಸ್ ಆ್ಯಕ್ಷನ್ನೇನು?’ ಅನ್ನುತ್ತಾರೆ.

ಡ್ರಾಯರಿನ ಆರೂ ಬಾಟಲಿಗಳಿಗೆ ಮೈಮೇಲೆ ಚೀಟಿ ಅಂಟಿಸುವ ಕೆಲಸವನ್ನು ಮಗಳು ವಹಿಸಿಕೊಂಡಳು. ಶಾಲೆಯಲ್ಲಿ ಅವಳು ಕಲಿಯುವುದು ತೆಲುಗು, ಹಿಂದಿ, ಇಂಗ್ಲಿಷು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಬರೆಯಲು ಬರುವುದಿಲ್ಲ; ಎಷ್ಟು ಸಲ ಕೂರಿಸಿದರೂ ಓಡಿಹೋಗುತ್ತಿದ್ದಳು. ಆದರೆ ಮುತ್ಯಾ ಓದಬೇಕಲ್ಲ. ದೀಪಾವಳಿಗೆ ಬಂದಾಗ ಅಪ್ಪನೇ ಪಕ್ಕದಲ್ಲಿ ಕೂತು ಬರೆಸಿದರು. ತೆಲುಗಿನ ರೂಢಿಗೆ ಅವಳ ತಲೆಕಟ್ಟುಗಳೆಲ್ಲ ಸೊಟ್ಟಗೆ ಮೇಲಕ್ಕೆ ಹಾರುತ್ತಿದ್ದವು, ಅಪ್ಪ ಒಂದೊಂದನ್ನೇ ಹಿಡಿದು ಕೆಳಗೆ ಮಲಗಿಸಿದರು. ಸೋಡಾದ ಬಾಟಲಿಯ ಚೀಟಿಯಲ್ಲಿ ಈಗ ಎರಡು ಸಾಲುಗಳಿವೆ. ಮೇಲಿನದು ‘ಅಡುಗೆ ಸೋಡಾ’. ಕೆಳಗಿನದನ್ನು ಅವಳು ಯಾರನ್ನೂ ಕೇಳದೆ ತಾನೇ ಬರೆದದ್ದು: ‘ಮುತ್ಯಾಗ ಅಲ್ಲ’.